ಅಕ್ಕೋರ ಗಾಡಿಯೊಳಗಿನ ಸದ್ದು

ನಮ್ಮ ಹೈಸ್ಕೂಲಿನ ಸ್ಟಾಫ್‌ರೂಮಿನಲ್ಲಿ ಎಲ್ಲರ ಕುರ್ಚಿಗಳೂ ಉದ್ದನೆಯ ಮೇಜಿನ ಕಡೆಗೆ ಮುಖ ಮಾಡಿದ್ದವು. ಅಕ್ಕೋರ ಕುರ್ಚಿ ಮಾತ್ರ ಕಿಟಕಿಯ ಕಡೆಗೆ. ಅಂದರೆ ನಮಗೆಲ್ಲ ಅವರ ಬೆನ್ನು. ನಾನು ಹಳಿಯಾಳದ ಆ ಶಾಲೆಗೆ ಕನ್ನಡ ಕಲಿಸಲು ಬಂದ ಮೊದಲ ವರ್ಷ ಅವರ ಮುಖಕ್ಕಿಂತ ಅವರ ಬೆನ್ನನ್ನು, ಬಿಗಿಯಾಗಿ ಹೆಣೆದ ಅರ್ಧ ಬೆಳ್ಳಗಾದ ಜಡೆಯನ್ನು ನೋಡಿದ್ದೇ ಹೆಚ್ಚು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ಹಾಗೆ ನೋಡಿದರೆ ನಾನೂ ಅಕ್ಕೋರೇ. ಆದರೆ ಆ ಶಾಲೆಯಲ್ಲಿ ಬರೀ ‘ಅಕ್ಕೋರು’ ಎಂದರೆ ವಿಜ್ಞಾನ ಕಲಿಸುವ ಅವರೊಬ್ಬರೇ. ಉಳಿದವರಿಗೆ ಕನ್ನಡ ಅಕ್ಕೋರು, ಹಿಂದಿ ಅಕ್ಕೋರು ಎಂದು ವಿಷಯದ ಹೆಸರು ಸೇರಿಸಬೇಕಾಗುತ್ತಿತ್ತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ.

ಅವರು ದಾಂಡೇಲಿಯ ಅಂಬೇವಾಡಿಯಲ್ಲಿ ಒಬ್ಬರೇ ಇದ್ದರು. ದಿನವೂ ಒಂದು ಹಳೆಯ ಸಣ್ಣ ಕಾರಿನಲ್ಲಿ ಶಾಲೆಗೆ ಬಂದು ಹೋಗುತ್ತಿದ್ದರು. ದಾಂಡೇಲಿಯಿಂದಲೇ ಬರುವ ನಾವು ಮೂರ್ನಾಲ್ಕು ಜನ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುವಾಗ ಆ ಕಾರು, ಒಳಗಿನ ಸೀಟುಗಳೆಲ್ಲ ಖಾಲಿ ಇದ್ದಂತೆಯೇ, ನಮ್ಮ ಮುಂದಿನಿಂದ ಹಾದುಹೋಗುತ್ತಿತ್ತು. ಸ್ಟಾಫ್‌ರೂಮಿಗೆ ಅದೊಂದೇ ಸಾಕಾಗಿತ್ತು.

“ಹಿಂದಿಲ್ಲ ಮುಂದಿಲ್ಲ. ಸ್ವಂತ ಗಾಡಿ ಬ್ಯಾರೆ. ಸೊಕ್ಕು ಬರದ ಏನಾದೀತು” ಎನ್ನುತ್ತಿದ್ದರು ನಮ್ಮ ಪಿ.ಟಿ. ಮಾಸ್ತರರು. ಅಕ್ಕೋರ ಬೆನ್ನಿಗೆ ಕೇಳಿಸುವಷ್ಟೇ ದನಿಯಲ್ಲಿ.

ಸೊಕ್ಕು ಎನ್ನಲು ಕಾರಣಗಳಿದ್ದವು. ಮದುವೆ, ಮುಂಜಿವೆ, ಸೀಮಂತ, ಯಾವುದಕ್ಕೂ ಅಕ್ಕೋರು ಬರುತ್ತಿರಲಿಲ್ಲ. ಯಾರನ್ನೂ ತಮ್ಮ ಮನೆಗೆ ಕರೆಯುತ್ತಿರಲಿಲ್ಲ. ಆದರೆ ಮಕ್ಕಳು ಅವರ ಬಗ್ಗೆ ಒಂದು ದಿನವೂ ಕೆಟ್ಟ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಹೊಸ ಚಾಕ್‌ಪೀಸನ್ನು ಮೊದಲು ಎರಡು ತುಂಡು ಮಾಡಿಕೊಂಡೇ ಅವರು ಹಲಗೆಗೆ ಹಚ್ಚುತ್ತಿದ್ದರು. ಇಡೀ ಚಾಕ್‌ಪೀಸು ಕಿರ್ ಎನ್ನುತ್ತದೆ, ಮಕ್ಕಳ ಹಲ್ಲು ಜುಮ್ ಎನ್ನುತ್ತವೆ ಎಂದು. ಇನ್ನೊಂದು ಅಭ್ಯಾಸವಿತ್ತು. ಹೊರಗೆ ಏನಾದರೂ ಸದ್ದಾದರೆ ನಾವೆಲ್ಲ ಸದ್ದು ಬಂದ ಕಡೆ ತಿರುಗುತ್ತಿದ್ದೆವು. ಅವರು ತಿರುಗುತ್ತಿರಲಿಲ್ಲ. ಮೊದಲು ನಮ್ಮ ಮುಖಗಳನ್ನು ನೋಡುತ್ತಿದ್ದರು. ನಾವು ತಿರುಗಿದ್ದು ಖಾತ್ರಿಯಾದ ಮೇಲೆ ತಾವೂ ಆ ಕಡೆ ನೋಡುತ್ತಿದ್ದರು. ವಿಚಿತ್ರ ಹೆಂಗಸು ಅಂದುಕೊಂಡು ಸುಮ್ಮನಾಗಿದ್ದೆ.

ನಾನು ಧಾರವಾಡದ ಕಡೆಯವಳು. ಗಂಡನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಅವರ ಪಾಳಿ ಬದಲಾದಂತೆಲ್ಲ ನಮ್ಮ ಮನೆಯ ಹಗಲು ರಾತ್ರಿಗಳು ಬದಲಾಗುತ್ತಿದ್ದವು. ನಾನು ಎದ್ದಾಗ ಅವರು ಮಲಗಿರುತ್ತಿದ್ದರು, ಅವರು ಎದ್ದಾಗ ನಾನು ಹಳಿಯಾಳದಲ್ಲಿರುತ್ತಿದ್ದೆ. ಹೊಸ ಊರು. ಮಾತಾಡಲು ಬಸ್ಸಿನ ಪಕ್ಕದ ಸೀಟಿನವರು ಮಾತ್ರ.

ಮಳೆಗಾಲ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ನಮ್ಮ ಬಸ್ಸು ದಾಂಡೇಲಿ ಬಿಟ್ಟು ಸ್ವಲ್ಪ ದೂರದಲ್ಲೇ, ಸಾಗವಾನಿ ಮರಗಳ ನಡುವೆ ಕೆಟ್ಟು ನಿಂತಿತು. ಹಿಂದೆ ಬಂದ ಟೆಂಪೋದಲ್ಲಿ ಹಲವರು ನೇತಾಡುತ್ತ ಹೋದರು. ನನ್ನ ಕೈಯಲ್ಲಿ ಉತ್ತರ ಪತ್ರಿಕೆಗಳ ದೊಡ್ಡ ಗಂಟಿತ್ತು, ಮೈಯಲ್ಲಿ ಸಣ್ಣಗೆ ಜ್ವರವಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ಆಗ ಅಕ್ಕೋರ ಕಾರು ಬಂತು. ಎಂದಿನಂತೆ ಹಾದುಹೋಯಿತು. ಆದರೆ ಒಂದಿಷ್ಟು ಮುಂದೆ ಹೋಗಿ ನಿಂತಿತು. ಹಾರ್ನ್ ಹಾಕಲಿಲ್ಲ, ಹಿಂದೆ ಬರಲಿಲ್ಲ, ಒಳಗಿನಿಂದ ಕೈಯೂ ಬೀಸಲಿಲ್ಲ. ಸುಮ್ಮನೆ ನಿಂತಿತ್ತು. ನನಗಾಗಿಯೇ ನಿಂತಿದೆಯೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಗಂಟು ಹೊತ್ತುಕೊಂಡು ನಡೆದು ಹೋಗಿ ಅವರ ಪಕ್ಕದ ಸೀಟಿನಲ್ಲಿ ಕೂತೆ.

“ಬಾಗಿಲಾ ಜೋರಾಗಿ ಹಾಕ್ರಿ” ಎಂದರು. ಅಷ್ಟೇ ಮಾತು.

ಕಾರು ವೇಗ ಹಿಡಿಯಿತು. ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ, ಕೆಳಗಿನಿಂದ, ಗುರ್ ಎನ್ನುವ ಸದ್ದು ಶುರುವಾಯಿತು. ನಾಯಿ ಕಚ್ಚುವ ಮೊದಲು ಗಂಟಲಲ್ಲೇ ಇಟ್ಟುಕೊಳ್ಳುವ ದನಿಯಂಥದು. ಕಾರು ನಿಧಾನವಾದರೆ ನಿಲ್ಲುತ್ತಿತ್ತು, ಜೋರಾದರೆ ಮತ್ತೆ ಬರುತ್ತಿತ್ತು. ಮಾತಿಲ್ಲದೆ ಕೂತು ಕೂತು ಮುಜುಗರವಾಗಿತ್ತು. ಏನಾದರೂ ಅನ್ನಬೇಕಲ್ಲ ಎಂದು ಅಂದೆ:

“ಅಕ್ಕೋರೆ, ಹಿಂದಿನ ಗಾಲಿ ಯಾಕೋ ಗುರ್ ಅಂತೈತಲ್ರಿ.”

ಅವರು ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದರು. ಕೈಗಳು ಸ್ಟೇರಿಂಗಿನ ಮೇಲೇ ಇದ್ದವು.

“ಏನಂದ್ರಿ?”

“ಗುರ್ ಅಂತ ಸಪ್ಪಳಾ ಬರ್ತೈತಿ, ಹಿಂದಿನಿಂದ.”

“ನಿಮಗ ಕೇಳಿಸ್ತೈತಿ?”

“ಕೇಳಿಸ್ತೈತ್ರಿ. ಯಾಕ್ರಿ, ನಿಮಗ ಕೇಳಸೂದಿಲ್ಲೇನು?”

ಅವರು ರಸ್ತೆಯನ್ನೇ ನೋಡುತ್ತಿದ್ದರು. ಆಮೇಲೆ ತರಗತಿಯಲ್ಲಿ ಪ್ರಯೋಗ ಹೇಳಿಕೊಡುವ ದನಿಯಲ್ಲಿ ಹೇಳಿದರು: “ಇನ್ನೊಮ್ಮೆ ಹೊಡಿತೇನಿ. ನನ್ನ ಕಡೆ ನೋಡಬ್ಯಾಡ್ರಿ. ಸಪ್ಪಳಾ ಶುರು ಆದ ಕೂಡಲೇ ಕೈ ಎತ್ರಿ. ನಿಂತ ಕೂಡಲೇ ಇಳಿಸ್ರಿ. ಬಾಯಿಲೆ ಏನೂ ಹೇಳಬ್ಯಾಡ್ರಿ.”

ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಕಾರು ಹೊರಟಿತು. ಗುರ್ ಎಂದಾಗ ಕೈ ಎತ್ತಿದೆ. ನಿಂತಾಗ ಇಳಿಸಿದೆ. ಮತ್ತೆ ಎತ್ತಿದೆ. ಹೀಗೆ ಹಲವು ಸಲ ಆಯಿತು. ಕೊನೆಗೊಮ್ಮೆ ತಡೆಯಲಾರದೆ ಅವರತ್ತ ಕಣ್ಣು ಹೊರಳಿಸಿದೆ. ಸ್ಟೇರಿಂಗಿನ ಮೇಲೆ ಅವರ ಎಡಗೈಯ ತೋರುಬೆರಳು ನೆಟ್ಟಗೆ ಎದ್ದಿತ್ತು. ಸದ್ದು ಇಳಿಯಿತು. ನನ್ನ ಕೈ, ಅವರ ಬೆರಳು ಒಟ್ಟಿಗೆ ಇಳಿದವು.

ಅವರು ಮತ್ತೆ ಕಾರು ನಿಲ್ಲಿಸಿ ಸ್ಟೇರಿಂಗಿಗೆ ಹಣೆಯಿಟ್ಟರು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ಒಂದು ಕಾರಿನ ಸದ್ದಿಗೆ ಇಷ್ಟೇಕೆ ಎಂದು ನನಗೆ ಹೆದರಿಕೆಯೇ ಆಯಿತು. ಕಡೆಗೆ ಮುಖವೊರೆಸಿಕೊಂಡು, “ತಡಾ ಆತು. ಹೋಗೂಣು” ಎಂದರು. ಶಾಲೆಯ ಮುಂದೆ ಇಳಿಯುವಾಗ ಕೇಳಿದರು: “ಸಂಜೀಕೂ ನನ್ನ ಜೋಡಿ ಬರ್ತೀರೇನು?”

ಅಂದಿನಿಂದ ನಾನು ಅವರ ಕಾರಿನಲ್ಲಿ ಓಡಾಡತೊಡಗಿದೆ.

ಮೊದಲು ಕಾರನ್ನು ದಾಂಡೇಲಿಯ ಒಂದು ಗ್ಯಾರೇಜಿಗೆ ಒಯ್ದೆವು. ಅದನ್ನು ನಡೆಸುತ್ತಿದ್ದ ಹಿರಿಯರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಗಡ್ಡಕ್ಕೆ ಮೆಹಂದಿ, ಬೆರಳ ಸಂದಿಗೆಲ್ಲ ಗ್ರೀಸು. ಅಕ್ಕೋರು ವರ್ಷಾ ವರ್ಷಾ ಅಲ್ಲೇ ಎಣ್ಣೆ ಬದಲಿಸುತ್ತಿದ್ದರಂತೆ. ಸದ್ದಿನ ಮಾತು ಮಾತ್ರ ಎಂದೂ ಎತ್ತಿರಲಿಲ್ಲ. ಈಗಲೂ ಅವರು ಎತ್ತಲಿಲ್ಲ. ನನ್ನನ್ನು ಮುಂದೆ ಮಾಡಿ, “ಇವರಿಗೆ ಏನೋ ಸಪ್ಪಳಾ ಕೇಳಿಸ್ತೈತಂತ” ಎಂದರು.

ಚಾಚಾ ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದು, “ಏನೂ ಇಲ್ಲಲ್ರಿ” ಎಂದರು. ಅಕ್ಕೋರ ಮುಖ ಬಿಳಿಚಿದ್ದನ್ನು ನಾನು ನೋಡಿದೆ. “ಓಣಿಯಾಗ ಬರೂದಿಲ್ಲ ಚಾಚಾ, ದೊಡ್ಡ ರಸ್ತೆಕ್ಕ ಹೋಗಿ ಜೋರ್ ಹೊಡೀಬೇಕು” ಎಂದು ನಾನು ಪಟ್ಟು ಹಿಡಿದೆ. ಅವರು ಹಾಗೆ ಹೊಡೆದು ಬಂದರು. “ಹಾಂ, ಐತ್ರಿ. ಟೈರ್ ಸವದಾವು. ಅದಕ್ಕ ಗುಂಯ್ ಅಂತಾವು” ಎಂದು ಮುಂದಿನ ಗಾಲಿಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಕೊಟ್ಟರು. ಟೈರಿನದೇ ಸದ್ದಾದರೆ ಅದು ಟೈರಿನ ಜೊತೆ ಮುಂದಕ್ಕೆ ಹೋಗಬೇಕು. ಹೋಗಲಿಲ್ಲ. ಮರುದಿನವೂ ನನ್ನ ಬೆನ್ನ ಹಿಂದೆಯೇ ಗುರುಗುಟ್ಟಿತು.

ಎರಡನೆಯ ಸಲ ಹೋದಾಗ ಚಾಚಾ ತಲೆ ಕೆರೆದುಕೊಂಡರು. “ಹಂಗಾರ ಬೇರಿಂಗ್ ಇರಬೇಕು. ಗಾಲಿ ಅದರ ಮ್ಯಾಲೆ ತಿರಗತೈತ್ರಿ. ಒಳಗಿನ ಗುಂಡು ಸವದ್ರ ಹಿಂಗ ಒದರ್ತೈತಿ. ಎಡದ್ದೋ ಬಲದ್ದೋ ಅನ್ನೂದು ಬೇಕು. ನೀವು ಒಂದು ಕೆಲಸ ಮಾಡ್ರಿ. ತಿರುವು ಇರೂ ರಸ್ತೆಕ್ಕ ಹೋಗ್ರಿ. ಬಲಕ್ಕ ತಿರಿಗಿಸಿದ್ರ ಗಾಡಿ ಭಾರ ಎಡಕ್ಕ ಬೀಳ್ತೈತಿ, ಎಡಕ್ಕ ತಿರಿಗಿಸಿದ್ರ ಬಲಕ್ಕ. ಯಾವಾಗ ಜಾಸ್ತಿ ಒದರ್ತೈತಿ ನೋಡಿ ಬರ್ರಿ. ಒಬ್ಬರು ಹೊಡೀರಿ, ಒಬ್ಬರು ಹಿಂದ ಕುಂತು ಕೇಳ್ರಿ. ಒಬ್ಬರಲೆ ಆಗೂದಿಲ್ಲ.”

ಆ ರವಿವಾರ ನಾವಿಬ್ಬರೂ ಗಣೇಶಗುಡಿಯ ರಸ್ತೆ ಹಿಡಿದೆವು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಒಮ್ಮೆ ಎಡಗಡೆ, ಒಮ್ಮೆ ಬಲಗಡೆ, ಒಮ್ಮೊಮ್ಮೆ ಬಗ್ಗಿ ಸೀಟಿಗೇ ಕಿವಿ ಹಚ್ಚಿ. ರಾಫ್ಟಿಂಗಿಗೆ ಬಂದವರ ಜೀಪುಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಇಬ್ಬರು ಶಾಲೆಯ ಬಾಯಂದಿರು, ಒಬ್ಬಳು ಸೀಟಿಗೆ ಕಿವಿಯಿಟ್ಟುಕೊಂಡು ಕೂತಿದ್ದನ್ನು ನೋಡಿ ಹುಡುಗರು ನಕ್ಕರು. ಅಕ್ಕೋರೂ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಜೋಯಿಡಾ ಬರುವ ಹೊತ್ತಿಗೆ ತೀರ್ಮಾನವಾಗಿತ್ತು. ಬಲಕ್ಕೆ ತಿರುಗಿದಾಗಲೆಲ್ಲ ಸದ್ದು ಏರುತ್ತಿತ್ತು, ಎಡಕ್ಕೆ ತಿರುಗಿದರೆ ಗಂಟಲು ಕಟ್ಟಿದಂತೆ ಇಳಿಯುತ್ತಿತ್ತು. ಎಡಗಡೆಯ ಹಿಂದಿನ ಗಾಲಿ.

ಜೋಯಿಡಾದಲ್ಲಿ ರಸ್ತೆ ಬದಿಯ ನೆರಳಿಗೆ ಕಾರು ನಿಲ್ಲಿಸಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅವರು ರೊಟ್ಟಿ ಮುರಿಯುತ್ತ, ಯಾವುದೋ ಹಳೆಯ ಪಾಠ ಒಪ್ಪಿಸುವಂತೆ ಹೇಳತೊಡಗಿದರು.

ಅವರಿಗೊಬ್ಬ ಅಕ್ಕ ಇದ್ದಳು. ತಂದೆ ತಾಯಿ ಹೋದ ಮೇಲೆ ಇಬ್ಬರೇ. ಅಕ್ಕೋರಿಗೆ ಮೊದಲು ನೌಕರಿ ಸಿಕ್ಕಿದ್ದು ಮುಂಡಗೋಡದಲ್ಲಿ. ಅಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಅಲ್ಲೇ ಅಕ್ಕನಿಗೆ ಸದ್ದುಗಳು ಕೇಳಿಸತೊಡಗಿದ್ದು. ಅಡುಗೆಮನೆಯಲ್ಲಿ ಯಾರೋ ಮಾತಾಡುತ್ತಾರೆ. ನೆಲದ ಕೆಳಗೆ ಯಾರೋ ಕೆರೆಯುತ್ತಾರೆ. ಧಾರವಾಡದಲ್ಲಿ ತೋರಿಸಿ ಗುಳಿಗೆ ತಂದರು. ಗುಳಿಗೆ ನುಂಗಿದಷ್ಟು ದಿನ ಅಕ್ಕ ನಿದ್ದೆ ಮಾಡುತ್ತಿದ್ದಳು. ಎದ್ದರೆ ಮತ್ತೆ ಅದೇ.

“ನನ್ನ ನೋಡಾಕ ಬಂದವರು ಅಕ್ಕನ್ನ ನೋಡಿ ಹೋದರು. ಮನಿತನದಾಗ ಐತಿ ಅಂದರು. ನಾನೂ ಹಂಗ ತಿಳಕೊಂಡೆ. ಅಕ್ಕ ಕಾಮಾಲಿ ಜಡ್ಡಾಗಿ ತೀರಿಕೊಂಡ್ಲು. ಆಮ್ಯಾಲೆ ನನಗ ಯಾವಾಗ ಶುರು ಆಗ್ತೈತಿ ಅಂತ ಕಾಯಕೋತ ಕುಂತೆ. ಯಾರರ ಸಮೀಪ ಬಂದರ ಅವರಿಗೆ ತ್ರಾಸ. ಅದಕ್ಕ ಸಮೀಪ ಬರಗೊಡಲಿಲ್ಲ. ಏನರ ಸಪ್ಪಳಾದ್ರ ಮೊದಲು ಎದುರಿಗಿದ್ದವರ ಮುಖಾ ನೋಡ್ತಿದ್ದೆ, ಅವರಿಗೂ ಕೇಳೇತೋ ಇಲ್ಲೋ ಅಂತ.”

ಸ್ಟಾಫ್‌ರೂಮಿನಲ್ಲಿ ಅವರು ನಮ್ಮ ಮುಖ ನೋಡುತ್ತಿದ್ದದ್ದು ನೆನಪಾಗಿ ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು.

“ಹೋದ ವರ್ಷ ಗಾಡಿಯೊಳಗ ಶುರು ಆತು, ಗುರ್ ಅಂತ. ನಾನು ಒಬ್ಬಾಕಿ. ಯಾರ ಮುಖಾ ನೋಡ್ಲಿ? ಬಂತು ಅಂತ ತಿಳಕೊಂಡೆ.”

“ಗಾಡಿಯೊಳಗ ಅಷ್ಟ ಕೇಳಿದ್ರ ಗಾಡೀದ ಇರಬೇಕು ಅಂತ ಅನಸಲಿಲ್ಲೇನ್ರಿ?”

“ಅಕ್ಕಗೂ ಅಡಿಗಿಮನಿಯಾಗ ಅಷ್ಟ ಕೇಳಿಸ್ತಿತ್ತು.”

“ಗ್ಯಾರೇಜಿನ್ಯಾಗ ಒಂದು ಮಾತು ಕೇಳಬೇಕಿತ್ತು.”

“ಅವರು ಏನೂ ಇಲ್ಲ ಅಂದಿದ್ರ?” ಅಕ್ಕೋರು ನನ್ನ ಕಡೆ ತಿರುಗಿ ಕೇಳಿದರು. ಚಾಚಾ ಮೊದಲ ದಿನ ಹಾಗೆಯೇ ಅಂದಿದ್ದರಲ್ಲ.

ಮಾರನೆಯ ದಿನ ಚಾಚಾ ಜಾಕ್ ಹಚ್ಚಿ ಎಡಗಡೆಯ ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿದರು. ಒಂದು ಕೈಯಲ್ಲಿ ಗಾಲಿ ತಿರುಗಿಸಿ ಇನ್ನೊಂದು ಕೈಯನ್ನು ಒಳಗಿನ ಸ್ಪ್ರಿಂಗಿನ ಮೇಲೆ ಇಟ್ಟರು. “ಸಿಕ್ತು. ಇಲ್ಲಿ ಕೈ ಇಡ್ರಿ ಅಕ್ಕೋರೆ” ಎಂದರು. ಅಕ್ಕೋರು ಸೀರೆ ಸಾವರಿಸಿಕೊಂಡು ಕುಕ್ಕರುಗಾಲಲ್ಲಿ ಕೂತು ಸ್ಪ್ರಿಂಗಿನ ಮೇಲೆ ಅಂಗೈಯಿಟ್ಟರು. ಚಾಚಾ ಗಾಲಿ ತಿರುಗಿಸಿದರು. ನಾನೂ ಆಮೇಲೆ ಮುಟ್ಟಿ ನೋಡಿದೆ. ಬೀಸುಕಲ್ಲಿನಲ್ಲಿ ಮರಳು ಸಿಕ್ಕಂತೆ ಒಳಗೆ ಏನೋ ಗರಗರ ಎನ್ನುವುದು ಅಂಗೈಗೆ ತಿಳಿಯುತ್ತಿತ್ತು. ಚಾಚಾ ತಿರುಗಿಸುವುದನ್ನು ನಿಲ್ಲಿಸಿದ ಮೇಲೂ ಅಕ್ಕೋರು ಕೈ ತೆಗೆದಿರಲಿಲ್ಲ.

“ಇನ್ನೊಮ್ಮೆ ತಿರಗಸ್ರಿ ಚಾಚಾ” ಎಂದರು.

ಅವರು ತಿರುಗಿಸಿದರು. “ಇಷ್ಟು ದಿನಾ ಹೆಂಗ ಹೊಡದ್ರಿ ಇದನ್ನ? ರಸ್ತೆದಾಗ ಗಾಲಿ ಹಿಡದಿದ್ರ ಏನ್ ಗತಿ? ಮೊದಲ ಹೇಳಬೇಕಲ್ರಿ” ಎಂದು ಬೈದರು. ಅಕ್ಕೋರು ಬೈಸಿಕೊಂಡರು. ಬೈಸಿಕೊಳ್ಳುವುದು ಅವರಿಗೆ ಹಿತವಾಗಿದ್ದಂತೆ ಕಂಡಿತು.

ಬೇರಿಂಗ್ ಬದಲಾಯಿತು. ಸದ್ದು ಹೋಯಿತು. ಆ ವಾರವೆಲ್ಲ ನಾವು ಸದ್ದಿಲ್ಲದ ಕಾರಿನಲ್ಲಿ ಹಳಿಯಾಳಕ್ಕೆ ಹೋಗಿ ಬಂದೆವು. ಅವರು ಖುಷಿಯಾಗಿರುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಮೊದಲಿಗಿಂತ ಹೆಚ್ಚು ಮೌನವಾದರು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟಾಗ ಕಾರನ್ನು ದಾಂಡೇಲಿಯ ಕಡೆ ತಿರುಗಿಸದೆ ನಿಲ್ಲಿಸಿಕೊಂಡು ಕೇಳಿದರು: “ಮುಂಡಗೋಡಕ್ಕ ಹೋಗಿ ಬರೂಣೇನು? ನಿಮಗ ತ್ರಾಸ ಇಲ್ಲಂದ್ರ.”

ಗಂಡನಿಗೆ ಅಂದು ಎರಡನೇ ಪಾಳಿ. ಫೋನು ಮಾಡಿ ಹೇಳಿ ಹೊರಟೆ. ಕಲಘಟಗಿ ದಾಟಿ ಮುಂಡಗೋಡ ಮುಟ್ಟುವವರೆಗೆ ಯಾಕೆ ಹೋಗುತ್ತಿದ್ದೇವೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಜಾರ ದಾಟಿ ಒಂದು ಓಣಿಯಲ್ಲಿ, ಹಸಿರು ಬಣ್ಣದ ಸಣ್ಣ ಮನೆಯ ಮುಂದೆ ನಿಲ್ಲಿಸಿದರು. ಇದೇ ಅವರು ಅಕ್ಕನ ಜೊತೆ ಬಾಡಿಗೆಗಿದ್ದ ಮನೆ. ಈಗ ಅದನ್ನು ಚಪ್ಪಲಿ ಅಂಗಡಿಯವರೊಬ್ಬರು ಕೊಂಡುಕೊಂಡಿದ್ದರು. ಅವರ ಹೆಂಡತಿ ಬಾಗಿಲು ತೆರೆದರು. ಮಧ್ಯವಯಸ್ಸಿನ, ನಗುಮುಖದ ಹೆಂಗಸು. ಅಕ್ಕೋರು ತಾವು ಹಿಂದೆ ಇಲ್ಲಿದ್ದವರು ಎಂದಾಗ ಒಳಗೆ ಕರೆದು ಕೂರಿಸಿದರು, ಚಹಾಕ್ಕಿಟ್ಟರು.

ಅಕ್ಕೋರ ಕಣ್ಣು ಅಡುಗೆಮನೆಯ ಕಡೆಗೇ ಇತ್ತು. “ಒಂದು ಕೇಳ್ತೇನಿ, ತಪ್ಪ ತಿಳಕೋಬ್ಯಾಡ್ರಿ” ಎಂದರು. “ನಿಮ್ಮ ಅಡಿಗಿಮನಿ ನೆಲದಾಗ ಏನರ ಸಪ್ಪಳಾ ಬರ್ತೈತೇನು?”

“ಈಗಿಲ್ರಿ” ಎಂದರು ಆಕೆ, ಕಪ್ಪುಗಳಿಗೆ ಚಹಾ ಸೋಸುತ್ತ. “ನಾವು ಮನಿ ತಗೊಂಡಾಗ ಇತ್ತು. ತೋಬಾ, ಏನ್ ಕೆರಿಯೂದು ರೀ ರಾತ್ರಿ ಪೂರಾ. ಹೆಗ್ಗಣ. ಹಿಂದಿನ ಗಟಾರದಿಂದ ಬಿಲಾ ತೋಡಿ ಅಡಿಗಿಮನಿ ತಳಾ ಎಲ್ಲಾ ಪೊಳ್ಳು ಮಾಡಿದ್ವು. ಬಾಳ ವರ್ಷದ ಬಿಲಾ ಅಂದ್ರು ಅಗಿಯಾವರು. ಫರ್ಸಿ ಕಲ್ಲು ಕಿತ್ತು, ಕಾಂಕ್ರೀಟ್ ಹಾಕಿಸಿದ ಮ್ಯಾಲೆ ಆರಾಮ.”

ಅಕ್ಕೋರು ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು.

“ಮತ್ತ, ಮಾತು?”

“ಮಾತು ಅಂದ್ರ?”

“ಯಾರರ ಮಾತಾಡಿದಂಗ...”

ಆಕೆ ನನ್ನ ಕಡೆ ನೋಡಿದರು. “ಇಲ್ಲಲ್ರಿ.”

“ಏನಿಲ್ಲ ಬಿಡ್ರಿ” ಎಂದರು ಅಕ್ಕೋರು. ಚಹಾ ಪೂರ್ತಿ ಕುಡಿದರು. ಆಕೆಗೆ ಕೈಮುಗಿದು ಹೊರಗೆ ಬಂದರು. ಕಾರಿನಲ್ಲಿ ಕೂತು ಚಾವಿ ಹಾಕಿದರು, ತಿರುಗಿಸಲಿಲ್ಲ. ಓಣಿಯಲ್ಲಿ ಮಕ್ಕಳು ಆಡುತ್ತಿದ್ದವು. ಕೆಂಪು ಬಟ್ಟೆಯ ಇಬ್ಬರು ಟಿಬೆಟಿ ಸನ್ಯಾಸಿಗಳು ಕೈಚೀಲ ಹಿಡಿದು ಬಜಾರದ ಕಡೆ ಹೋದರು.

“ಆಕಿ ನನ್ನ ಕೈ ಹಿಡದು ಎಳೀತಿದ್ಲು” ಎಂದರು ಅಕ್ಕೋರು. “ಬಾ, ನೆಲಕ್ಕ ಕಿವಿ ಹಚ್ಚು, ನಿನಗೂ ಕೇಳ್ತೈತಿ ಅಂತ. ನಾನು ಗುಳಗಿ ನುಂಗು ಅಂತಿದ್ದೆ. ಒಂದು ದಿನಾ ಬಗ್ಗಿ ಕೇಳಲಿಲ್ಲ. ಎಲ್ಲಾ ಖರೇ ಇದ್ದಿಲ್ಲ, ನನಗ ಗೊತ್ತೈತಿ. ಜಡ್ಡು ಇತ್ತು ಆಕಿಗೆ. ಆದರ ಇದೊಂದು ಖರೇ ಇತ್ತಲ್ಲ.”

ನಾನು ಏನಾದರೂ ಸಮಾಧಾನ ಹೇಳಬೇಕಿತ್ತು. ಹೆಗ್ಗಣಗಳು ನಂತರ ಬಂದಿರಬಹುದು ಎನ್ನಬಹುದಿತ್ತು. ಆದರೆ ಬಹಳ ವರ್ಷದ ಬಿಲ ಎಂದ ಅಗೆದವರ ಮಾತನ್ನು ಅವರೂ ಕೇಳಿಸಿಕೊಂಡಿದ್ದರು. ಅವರ ತೋಳಿನ ಮೇಲೆ ಕೈಯಿಟ್ಟು ಕೂತೆ. ಅವರು ಬಿಡಿಸಿಕೊಳ್ಳಲಿಲ್ಲ. ಬಿಸಿಲು ಇಳಿಯುವವರೆಗೆ ಹಾಗೇ ಕೂತಿದ್ದು, ಆಮೇಲೆ ಹೊರಟೆವು.

ಮುಂಡಗೋಡದಿಂದ ಬಂದ ಮೇಲೆ ಅಕ್ಕೋರು ಎರಡು ಸಂಗತಿ ಮಾಡಿದರು. ಒಂದು, ಸ್ಟಾಫ್‌ರೂಮಿನಲ್ಲಿ ತಮ್ಮ ಕುರ್ಚಿಯನ್ನು ಮೇಜಿನ ಕಡೆಗೆ ತಿರುಗಿಸಿಕೊಂಡರು. ಅಂದು ಮಧ್ಯಾಹ್ನ ಎಲ್ಲರ ಮಾತು ನಿಂತುಹೋಯಿತು. ಇಷ್ಟು ವರ್ಷ ಬೆನ್ನಿಗೆ ಆಡಿದ ಮಾತುಗಳನ್ನು ಮುಖಕ್ಕೆ ಆಡುವುದು ಹೇಗೆ? ಡಬ್ಬಿಗಳ ಸದ್ದು ಬಿಟ್ಟರೆ ಮತ್ತೊಂದಿಲ್ಲ. ಅವರು ಉಪ್ಪಿನಕಾಯಿ ಮುಂದೆ ಚಾಚಿದರು. ಹಿಂದಿ ಅಕ್ಕೋರು, “ಬ್ಯಾಡ್ರಿ, ನನಗ ಹುಳಿ ಆಗೂದಿಲ್ಲ” ಎಂದರು. ದಾಂಡೇಲಿಯಿಂದ ಬರುವ ಉಳಿದವರನ್ನೂ ಅಕ್ಕೋರು ಕಾರಿಗೆ ಕರೆದರು. “ಪಾಸ್ ತಗಸೇವ್ರಿ, ವೇಸ್ಟ್ ಆಗ್ತೈತಿ” ಎಂದು ಅವರು ಬಸ್ಸಿಗೇ ಹೋದರು. ಯಾರ ತಪ್ಪೂ ಇರಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ತಟ್ಟುವವರೆಲ್ಲ ಹೋಗಿಯಾಗಿತ್ತು. ಕೆಲವು ವಾರಗಳ ನಂತರ ಒಂದು ದಿನ ನೋಡಿದರೆ ಕುರ್ಚಿ ಮತ್ತೆ ಕಿಟಕಿಯ ಕಡೆಗಿತ್ತು. “ಅಲ್ಲೆ ಬೆಳಕು ಛಲೋ ಬರ್ತೈತಿ” ಎಂದರು ನನಗೆ.

ಎರಡನೆಯದು, ಯಾರು ಏನೇ ಹೇಳಿದರೂ “ನೋಡೂಣು ಬಾ” ಎಂದು ಎದ್ದು ನಡೆಯತೊಡಗಿದರು. ಹುಡುಗಿಯರ ಶೌಚಾಲಯದಲ್ಲಿ ಯಾರೋ ಉಸಿರಾಡುತ್ತಾರೆ ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹೇಳಿದಳು. ಹೆಡ್‌ಮಾಸ್ತರರು ನಕ್ಕರು. ಅಕ್ಕೋರು ಬ್ಯಾಟರಿ ಹಿಡಿದು ಅವಳ ಜೊತೆ ಹೋದರು. ಹಿಂದಿನ ಗೋಡೆಯ ಸಂದಿಯಲ್ಲಿ ನಾಯಿಯೊಂದು ಮರಿ ಹಾಕಿತ್ತು. ಇನ್ನೊಬ್ಬಳು ಪ್ರಯೋಗಾಲಯದ ಕಪಾಟಿನಲ್ಲಿ ಟಕಟಕ ಆಗುತ್ತದೆ ಎಂದಳು. ಅಲ್ಲಿ ಏನೂ ಇರಲಿಲ್ಲ. ಅಕ್ಕೋರು ಕಪಾಟಿನ ಒಂದೊಂದೇ ಬಾಟಲಿ ಇಳಿಸಿ, ಹಿಂದೆ ಮುಂದೆ ನೋಡಿ, ಮತ್ತೆ ಜೋಡಿಸಿಟ್ಟು, “ಇವತ್ತ ಏನಿಲ್ಲ ನೋಡವಾ. ಮತ್ತ ಕೇಳಿದ್ರ ಹೇಳು, ಮತ್ತ ನೋಡೂಣು” ಎಂದರು. ಏನೂ ಸಿಗದೆ ಬರುತ್ತಿದ್ದದ್ದೇ ಹೆಚ್ಚು. ಪಿ.ಟಿ. ಮಾಸ್ತರರಿಗೆ ಇದೂ ನಗೆಯ ವಿಷಯವಾಯಿತು. ಮಕ್ಕಳು ಮಾತ್ರ ಮನೆಯ ಸಂಗತಿಗಳನ್ನೂ ಅವರ ಕಿವಿಯಲ್ಲಿ ಹೇಳತೊಡಗಿದರು. ಅದನ್ನೆಲ್ಲ ಅವರು ನನಗೂ ಹೇಳಲಿಲ್ಲ.

ನಾನು ಅವರ ನಿವೃತ್ತಿಯವರೆಗೂ ಅವರ ಕಾರಿನಲ್ಲೇ ಓಡಾಡಿದೆ. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಒಯ್ದದ್ದು ಅವರೇ. ಆಗ ಗಂಡ ಕಾರ್ಖಾನೆಯೊಳಗಿದ್ದರು. ಮಗುವನ್ನು ಮೊದಲು ಎತ್ತಿಕೊಳ್ಳಲು ಕೊಟ್ಟರೆ, “ಬ್ಯಾಡ, ನನಗ ಹಿಡಿಯಾಕ ಬರೂದಿಲ್ಲ” ಎಂದು ಹಿಂದೆ ಸರಿದರು. ಬಲವಂತ ಮಾಡಿ ಮಡಿಲಿಗೆ ಹಾಕಿದೆ. ಉಸಿರು ಬಿಗಿಹಿಡಿದು, ಕದಲದೆ ಕೂತಿದ್ದರು.

ನಿವೃತ್ತಿಯ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎಲ್ಲರೂ ಶಿಸ್ತಿನ ಸಿಪಾಯಿ ಎಂಬಂಥ ಮಾತಾಡಿದರು. ಅವರು ಎದ್ದು, “ಮಕ್ಕಳು ಛಲೋ ಇದ್ದರು” ಎಂದಿಷ್ಟೇ ಹೇಳಿ ಕೂತರು. ಅಂದು ಸಂಜೆ ಹಣ್ಣಿನ ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಬರುವಾಗ, ಯಾವ ಪೀಠಿಕೆಯೂ ಇಲ್ಲದೆ ಹೇಳಿದರು:

“ಹುಚ್ಚು ಬರ್ತೈತಿ ಅಂತ ಜನ್ಮ ಪೂರಾ ಕಾದು ಕುಂತೆ. ಬರಲಿಲ್ಲ. ಈಗ ಏನ್ ಮಾಡಬೇಕೋ ತಿಳಿವಲ್ದು.”

ನಾನು ನಮ್ಮ ಮನೆಗೆ ಬರುತ್ತಾ ಇರಿ ಎಂದೆ. ಬರುತ್ತಿದ್ದರು, ಹಬ್ಬಕ್ಕೆ, ಮಗಳ ಹುಟ್ಟುಹಬ್ಬಕ್ಕೆ. ಬಂದರೆ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುತ್ತಿದ್ದರು. ಚಹಾ ಕುಡಿದ ಕೂಡಲೇ ಎದ್ದು, “ನಿಮ್ಮವರು ಪಾಳಿ ಮುಗಿಸಿ ಬಂದು ಮಲಗೂ ಹೊತ್ತಾತು” ಎನ್ನುತ್ತಿದ್ದರು. ಎಷ್ಟು ಹೊತ್ತು ಕೂತರೆ ಜನರಿಗೆ ಭಾರವಾಗುತ್ತದೆ ಎಂಬ ಲೆಕ್ಕ ಅವರಿಗೆ ಕಲಿಯಲಾಗಲೇ ಇಲ್ಲ. ಯಾವಾಗಲೂ ಮೊದಲೇ ಏಳುತ್ತಿದ್ದರು. ಹೋಗುವ ಜಾಗಗಳಿಲ್ಲದೆ ಕಾರು ಮನೆಯ ಮುಂದೆ ಧೂಳು ಹಿಡಿದು ನಿಂತಿತು. ಕಡೆಗೆ ಚಾಚಾ ಕೋಗಿಲಬನದ ಹೋಮ್‌ಸ್ಟೇದವರೊಬ್ಬರಿಗೆ ಅದನ್ನು ಕೊಡಿಸಿದರು. ಅದನ್ನು ಒಯ್ಯುವಾಗ ಅಕ್ಕೋರು ಮನೆಯಿಂದ ಹೊರಗೆ ಬರಲಿಲ್ಲ ಎಂದು ಚಾಚಾ ಹೇಳಿದರು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಅಕ್ಕೋರ ಪಕ್ಕದ ಮನೆಯವರು ಫೋನು ಮಾಡಿದರು. ಹಾಲಿನವರು ಬಾಗಿಲು ತಟ್ಟಿದರೆ ಏಳಲಿಲ್ಲವಂತೆ. ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಚಾಪೆ ಹಾಸಿ ಮಲಗಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಬೆಳಗಾವಿಯ ಕಡೆಯಿಂದ ದೂರದ ನೆಂಟನೊಬ್ಬ ಬಂದ. ಅಕ್ಕೋರನ್ನು ಸಣ್ಣವನಿದ್ದಾಗ ಒಮ್ಮೆ ನೋಡಿದ್ದನಂತೆ. ಅವನು ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತ, ಗೇಟಿನ ಹತ್ತಿರ ಅತ್ತಿಂದಿತ್ತ ಓಡಾಡುತ್ತಿದ್ದ. ಚಾಚಾ ಬಂದು ಟೋಪಿ ತೆಗೆದು ಕಂಪೌಂಡಿನ ಹೊರಗೆ ನಿಂತಿದ್ದರು. ಶಾಲೆಯಿಂದ ಒಂದು ಹೂವಿನ ಹಾರ ಬಂದಿತ್ತು.

ಓಣಿಯ ಹಿರಿಯರೊಬ್ಬರು ಮುಂದೆ ನಿಂತು ಎಲ್ಲ ನೋಡಿಕೊಳ್ಳುತ್ತಿದ್ದರು. ತಂಬಿಗೆಯಲ್ಲಿ ನೀರು ತಂದು, ತುಳಸಿ ಎಸಳು ಹಾಕಿ, “ಬಾಯಿಗೆ ನೀರು ಬಿಡೋರು ಬರ್ರಿ. ಮನಿಯವರು ಮೊದಲು” ಎಂದರು.

ನೆಂಟ ಬಂದು ಬಿಟ್ಟು ಹೋದ. ಆಮೇಲೆ ಯಾರೂ ಏಳಲಿಲ್ಲ. ಹಿರಿಯರು ಸುತ್ತ ನೋಡಿದರು. ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದ ನನ್ನ ಮೇಲೆ ಅವರ ಕಣ್ಣು ನಿಂತಿತು. ಬಹಳ ಹೊತ್ತಿನಿಂದ ಅಳುತ್ತಿದ್ದುದರಿಂದ ಇರಬೇಕು.

“ನೀವು ಅವರಿಗೆ ಏನಾಗಬೇಕ್ರಿ?” ಎಂದು ಕೇಳಿದರು.

ಏನು ಹೇಳುವುದು? ತಂಗಿಯಲ್ಲ, ಮಗಳಲ್ಲ, ಗೆಳತಿ ಎನ್ನಲು ವಯಸ್ಸಿನ ಅಂತರ. ಕೆಲಸದಲ್ಲಿ ಜೊತೆಗಿದ್ದವಳು ಎಂದರೆ ಜೊತೆಗಿದ್ದವರು ಇನ್ನೂ ಎಷ್ಟೋ ಜನ.

“ಏನೂ ಆಗಬೇಕಾಗಿಲ್ರಿ” ಎಂದೆ.

ಅವರು ತಂಬಿಗೆಯನ್ನು ನನ್ನ ಕಡೆ ಚಾಚಿದರು.

“ಇರ್ಲಿ ಬರ್ರಿ, ತಾಯಿ. ಯಾರರ ಒಬ್ಬರು ಬೇಕಲ್ಲ.”

ಎದ್ದು ಹೋಗಿ ಅಕ್ಕೋರ ಪಕ್ಕದಲ್ಲಿ ಕೂತೆ. ತುಳಸಿ ಎಸಳನ್ನು ನೀರಲ್ಲಿ ಅದ್ದಿ ತುಟಿಗಳ ನಡುವೆ ಬಿಟ್ಟೆ. ಒಂದಿಷ್ಟು ಒಳಗೆ ಹೋಯಿತು. ಉಳಿದದ್ದು ಗದ್ದದ ಮೇಲೆ ಇಳಿಯಿತು. ಅದನ್ನು ನನ್ನ ಸೆರಗಿನಿಂದ ಒರೆಸಿದೆ.